ಕುಣಿಯಿಂದ ಎದ್ದು ನಿಂತವಳು ನೇಕಾರಳಲ್ಲವೇ?

ಮುಳುಗಡೆಯವರಿಗೆ ಮಗ್ಗದ ಜಾಗ ಹಂಚುವ ಸಾಹೇಬರೇ,

ನವನಗರದ ನೇಕಾರರ ಶೆಡ್ಡಿನಲ್ಲಿ ನನ್ನ ಮಗ ಮುತ್ತಪ್ಪನಿಗೆ ನೀವು ಕೊಟ್ಟಿರುವ ಜಾಗವನ್ನು ದಯಮಾಡಿ ಹಿಂದಕ್ಕೆ ತೆಗೆದುಕೊಳ್ಳಿ. ಸಿಕ್ಕಿಲ್ಲವೆಂದು ಅಳುವವರ ಕಾಗದಗಳು ನಿಮ್ಮ ಮೇಜಿನ ಮೇಲೆ ಗುಡ್ಡೆ ಬಿದ್ದಿರಬಹುದು. ಸಿಕ್ಕದ್ದು ಬೇಡವೆನ್ನುವ ಕಾಗದ ಬಹುಶಃ ಇದೊಂದೇ. ಮುತ್ತಪ್ಪ ಒಳ್ಳೆಯವನು. ಬಸ್ ಡಿಪೋದಲ್ಲಿ ಟಾಯರು ಬಿಚ್ಚುತ್ತಾನೆ, ಹಾಕುತ್ತಾನೆ. ಮಗ್ಗದ ಲಾಳಿ ಎಡದಿಂದ ಬಲಕ್ಕೆ ಓಡುತ್ತದೋ ಬಲದಿಂದ ಎಡಕ್ಕೋ ಎಂದು ಕೇಳಿದರೆ, "ಎರಡೂ ಕಡಿ ಓಡ್ತೈತಲ್ಲ ಬೇ" ಎನ್ನುವಷ್ಟು ನೇಕಾರಿಕೆ ಅವನಿಗೂ ಗೊತ್ತು. ಅವನು ನಿಮ್ಮ ಕಣ್ಣಿಗೆ ನೇಕಾರನಾಗಿ ಕಂಡ. ನಮ್ಮ ಮನೆಯ ಮಗ್ಗದಲ್ಲಿ ಇಷ್ಟು ವರ್ಷ ಕೂತು ಸೀರೆ ನೇಯ್ದ ದಸ್ತಗೀರಬಿ, ಅದೇ ಪಡಸಾಲೆಯಲ್ಲಿ, ನಿಮ್ಮಿಂದ ಮೂರು ಮೊಳ ದೂರದಲ್ಲಿ ನಿಂತಿದ್ದವಳು, ಕಾಣಲಿಲ್ಲ. ನನ್ನ ತಕರಾರು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ನಾನು ಕಮತಗಿಯ ಸಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಹೋದವಳು. ಕೂಡಿಸಿ ಓದಲು ಬರುತ್ತದೆ. ಬರೆಯಲು ಹೋದರೆ ಬೆರಳುಗಳು ಹಟ ಮಾಡುತ್ತವೆ. ಹಾಗಾಗಿ ನಾನು ಹೇಳುತ್ತ ಹೋದದ್ದನ್ನು ತೃಪ್ತಿ ಬರೆದಿದ್ದಾಳೆ. ನಮ್ಮ ಓಣಿಯ ತುದಿಯ ವಾಡೆಯಲ್ಲಿದ್ದು ಈಗ ನವನಗರ ಸೇರಿದ ಭಾಗೀರಥೀಬಾಯಿಯವರ ಮೊಮ್ಮಗಳು ಅವಳು, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿದ ಕೈ ಅವಳದು, ಮಾತು ನನ್ನದು. "ಆಯಿ, ಇದು ಬೈದಂಗ ಆಗ್ತದ, ತಗೀಲೇನು?" ಎಂದು ಅವಳು ಕೇಳಿದ ಕಡೆಯಲ್ಲೆಲ್ಲ "ಇರಲಿ ಬಿಡವಾ" ಎಂದಿದ್ದೇನೆ. ಹಾಗೆಂದು ನನಗೆ ಸಿಟ್ಟು ಬಂದಿದೆಯೆಂದು ತಿಳಿಯಬೇಡಿ. ಸಿಟ್ಟಿಗೂ ಮೈಯಲ್ಲಿ ಕಸುವು ಬೇಕು. ನನಗೆ ಬಂದಿರುವುದು ದಣಿವು. ನಿಮ್ಮ ಕಚೇರಿಯ ಕಲ್ಲುಬೆಂಚಿನ ಮೇಲೆ ಕೂತು ಕೂತು ಬಂದದ್ದು.

ದಸ್ತಗೀರಬಿ ಯಾರು ಎಂಬುದನ್ನು ನಿಮಗೆ ಬಾಯಿಂದ ಹೇಳಿದ್ದೇನೆ, ನೆನಪಿರಲಿಕ್ಕಿಲ್ಲ. ಅವಳ ಗಂಡ ಸುಭಾನಸಾಬ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದ. ನನ್ನ ಯಜಮಾನರು ತೀರಿದ ಮೇಲೆ ನಮ್ಮ ಮಗ್ಗ ಅವನೇ ನಡೆಸಿದ. ಅವನು ನೇಯುವಾಗ ನೂಲು ಸುತ್ತಿ ಕಂಡಿಕೆ ತುಂಬಿ ಕೊಡುವವಳು ಇವಳು. ಸೀರೆಯ ಮೈಗೂ ಸೆರಗಿಗೂ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕುವವಳು ಇವಳು. ಅವನಿಗೆ ಕೆಮ್ಮು ಹತ್ತಿದ ಮೇಲೆ ಮಗ್ಗದ ಕುಣಿಗೆ ಇಳಿದವಳೂ ಇವಳೇ. ಅವನು ಹೋದ. ಇವಳು ಕುಣಿಯಿಂದ ಮೇಲೆ ಬರಲಿಲ್ಲ. ಮಗಳನ್ನು ಆ ಮಗ್ಗದ ಮೇಲೆಯೇ ಓದಿಸಿ ಹುನಗುಂದಕ್ಕೆ ಕೊಟ್ಟಳು. ಈಗ ಈ ಮಳೆಗಾಲಕ್ಕೆ ಆಣೆಕಟ್ಟಿನ ಹಿನ್ನೀರು ನಮ್ಮ ಹಿತ್ತಲಿಗೆ ಬರುತ್ತದೆ, ಮನೆ ಖಾಲಿ ಮಾಡಿ ಎಂದು ನೋಟೀಸು ಬಂದಿದೆ. ನನಗೆ ನವನಗರದಲ್ಲಿ ಎರಡು ಖೋಲಿಯ ಮನೆ ಇದೆ. ಅದರೊಳಗೆ ಕುಣಿ ತೋಡಿದರೆ ಮಲಗುವುದು ಕುಣಿಯಲ್ಲೇ ಆಗಬೇಕು. ದಸ್ತಗೀರಬಿಗೆ ಅದೂ ಇಲ್ಲ. ಬಾಡಿಗೆಯವರಿಗೆ ನಿಮ್ಮ ಕಾನೂನಿನಲ್ಲಿ ಮುಳುಗುವ ಹಕ್ಕಿದೆ, ದಡ ಹತ್ತುವ ಹಕ್ಕಿಲ್ಲ. ಶೆಡ್ಡಿನಲ್ಲಿ ಜಾಗ ಸಿಗದಿದ್ದರೆ ಅವಳು ಕಲಾದಗಿಯ ತಮ್ಮ ಇಮಾಮಹುಸೇನನ ಮನೆ ಸೇರಿ ಚಿಕ್ಕು ತೋಟದಲ್ಲಿ ಹಣ್ಣು ಆರಿಸಬೇಕು. ಹಣ್ಣು ಆರಿಸುವುದು ಕೀಳು ಕೆಲಸವಲ್ಲ. ಆದರೆ ಸೀರೆ ನೇಯುವ ಕೈ ತಮ್ಮನ ಹೆಂಡತಿಯ ಮುಖ ನೋಡಿಕೊಂಡು ಹಣ್ಣು ಆರಿಸುವುದನ್ನು ಪುನರ್ವಸತಿ ಎಂದು ಕರೆಯುವುದಾದರೆ, ಆ ಶಬ್ದಕ್ಕೆ ಏನು ಅರ್ಥವೆಂದು ನೀವೇ ಹೇಳಬೇಕು.

ಇನ್ನು ನೀವು ನಮ್ಮ ಮನೆಗೆ ಬಂದ ದಿನದ ಮಾತು. ದೀಪಾವಳಿ ಮುಗಿದಿತ್ತು. ಯಾರು ಯಾರು ನೇಕಾರರು ಎಂದು ಖುದ್ದು ನೋಡಿ ಬರೆದುಕೊಳ್ಳಲು ಜೀಪಿನಲ್ಲಿ ಬಂದಿರಿ. ಖುದ್ದು ಬಂದದ್ದು ದೊಡ್ಡಸ್ತಿಕೆ, ಅದಕ್ಕೆ ನಮಸ್ಕಾರ. ದಸ್ತಗೀರಬಿ ಕುಣಿಯಲ್ಲಿದ್ದಳು, ಸೆರಗಿನ ಕೆಲಸ ನಡೆದಿತ್ತು. ನೀವು ಹೊಸ್ತಿಲು ದಾಟಿದಿರಿ. ಅವಳು ಲಾಳಿ ಬಿಟ್ಟು, ಎರಡೂ ಅಂಗೈ ನೆಲಕ್ಕೂರಿ ಮೇಲೆ ಬಂದು, ತಲೆಯ ಮೇಲೆ ಸೆರಗೆಳೆದುಕೊಂಡು ಗೋಡೆಗೆ ಸರಿದು ನಿಂತಳು. ಸಾಹೇಬರೇ, ಇದು ನಮ್ಮ ಕಡೆಯ ಮರ್ಯಾದೆ. ಮಗ್ಗದ ಕುಣಿ ನೆಲದ ಕೆಳಗಿರುತ್ತದೆ, ನೇಯುವವರ ಕಾಲು ಅದರೊಳಗೆ. ಹೊರಗಿನ ಗಂಡಸು ಬಂದಾಗ ಹೆಂಗಸು ಕಾಲು ಇಳಿಬಿಟ್ಟು ಕೂತೇ ಇದ್ದರೆ ಜನ ಸೊಕ್ಕು ಎನ್ನುತ್ತಾರೆ. ಗಂಡಸು ಏಳಬೇಕಾಗಿಲ್ಲ. ಕೂತಲ್ಲಿಂದಲೇ "ಬರ್ರಿ ಸಾಹೇಬ್ರ" ಎಂದರೆ ಅದು ಕಸುಬುದಾರನ ಗತ್ತು. ಆ ದಿನ ಓಣಿಯ ತುಂಬ ನೀವು ಹೋದಲ್ಲೆಲ್ಲ ಗಂಡಸರು ಕೂತಿದ್ದರು, ಹೆಂಗಸರು ಎದ್ದು ನಿಂತಿದ್ದರು. ನೀವು ಕೂತವರನ್ನೆಲ್ಲ ನೇಕಾರರೆಂದು ಬರೆದುಕೊಂಡಿರಿ. ನಿಂತವರು ಯಾಕೆ ನಿಂತರು, ಎಲ್ಲಿಂದ ಎದ್ದರು ಎಂದು ಕೇಳಲಿಲ್ಲ. ನಿಮಗೆ ತೋರಿಸಿದ ಮರ್ಯಾದೆಯೇ ಅವರ ಹೆಸರನ್ನು ಅಳಿಸಿತು.

ನಮ್ಮ ಮನೆಯಲ್ಲಂತೂ ಇನ್ನೂ ಚಂದವಾಯಿತು. ಮುತ್ತಪ್ಪ ಬುತ್ತಿ ಮರೆತು ಹೋಗಿದ್ದವನು ಒಯ್ಯಲು ಬಂದಿದ್ದ, ಖಾಕಿ ಅಂಗಿಯ ತುಂಬ ಗ್ರೀಸು. ಚಹಾ ಕುಡಿಯಲು ಮಗ್ಗದ ದಂಡೆಗೆ ಕೂತ. ನೀವು ಕೇಳಿದಿರಿ:

"ಈ ಮಗ್ಗ ಯಾರದಮ್ಮಾ?"

"ನಮ್ಮದ್ರಿ," ಎಂದೆ ನಾನು.

"ನಿನ್ನ ಹೆಸರೇನಪ್ಪಾ?"

"ಮುತ್ತಪ್ಪರಿ. ಆದ್ರ ನಾ ಡಿಪೋದಾಗ ಇರ್ತೇನ್ರಿ ಸಾಹೇಬ್ರ."

"ಅದು ನೌಕರಿ. ಕುಲಕಸುಬು ನೇಕಾರಿಕೆ ತಾನೇ?"

ಅವನು ಗೋಣು ಹಾಕಿದ. ಕುಲ ಯಾವುದೆಂದರೆ ಸುಳ್ಳು ಹೇಳಲಿಕ್ಕಾಗುತ್ತದೆಯೇ? ಆಗ ನಾನು ನಡುವೆ ಬಾಯಿ ಹಾಕಿದೆ. "ಸಾಹೇಬ್ರ, ಈ ಮಗ್ಗ ನೇಯಾಕಿ ಈಕಿರಿ, ದಸ್ತಗೀರಬಿ ಅಂತ." ನೀವು ಅವಳ ಕಡೆ ತಿರುಗಿ, ನಗುಮುಖ ಮಾಡಿ, "ಮನೆಯವರಿಗೆ ಸಹಾಯ ಮಾಡ್ತಾರೆ ಅನ್ನಿ. ತುಂಬಾ ಒಳ್ಳೇದು" ಎಂದಿರಿ. ಯಾವ ಮನೆಯವರಿಗೆ? ಅವಳು ನಮ್ಮ ಮನೆಯವಳೇ ಅಲ್ಲ. ಜಾತಿಯಿಂದ ಮುತ್ತಪ್ಪ ನೇಕಾರ, ಕೈಯಿಂದ ಅವಳು. ನೀವು ಜಾತಿಯನ್ನು ಬರೆದುಕೊಂಡು ಕೈಯನ್ನು ಬಿಟ್ಟು ಹೋದಿರಿ. ಜೀಪು ಹೋದ ಮೇಲೆ ದಸ್ತಗೀರಬಿ ನಕ್ಕಳು. "ಯವ್ವಾ, ಮುತ್ತಪ್ಪಗ ಒಂದ ಜೋಡಿ ಕಂಡಿಕಿ ತುಂಬಿ ಕೊಡ್ಲೇನ್ರಿ? ಟಾಯರಿಗಿ ಸುತ್ತಕೊಳ್ಳಲಿ" ಎಂದಳು. ಅದಾದ ಮೇಲೆ ಬಹಳ ದಿನ ಅವಳು ನಗಲಿಲ್ಲ. ಆಮೇಲೆ ಶೆಡ್ಡಿನ ಗೋಡೆಗೆ ಹೆಸರುಗಳನ್ನು ಅಂಟಿಸಿದರು; ಮುತ್ತಪ್ಪನದಿತ್ತು, ಅವಳದಿರಲಿಲ್ಲ.

ನಾವು ಕಚೇರಿಗೆ ಬಂದೆವು. ನೇಕಾರರ ಕಿಟಕಿಯಲ್ಲಿ ಕೂತವರು, "ಹೆಂಗಸರ ಸಲುವಾಗಿ ಬ್ಯಾರೆ ಮಹಿಳಾ ಭವನ ಅದಲ್ಲಾ, ಅಲ್ಲಿ ಹೋಗ್ರಿ" ಎಂದರು. ಮಹಿಳಾ ಭವನದಲ್ಲಿ ಸಾಲಾಗಿ ಹೊಲಿಗೆ ಯಂತ್ರಗಳು. ನವನಗರದ ನೌಕರದಾರರ ಮನೆಯ ಹೆಣ್ಣುಮಕ್ಕಳು ಜಂಪರು ಹೊಲಿಯಲು ಕಲಿಯುತ್ತಿದ್ದರು. ಕಲಿಯಲಿ, ಅವರ ಮೇಲೆ ನನಗೇನೂ ಹಗೆಯಿಲ್ಲ. ಅಲ್ಲಿ ಹೊಲಿಗೆ ಕಲಿಸುವ ಬಾಯಿ, "ಮಗ್ಗ ಅಂದ್ರ ನೇಕಾರರ ಶೆಡ್ಡಿನ್ಯಾಗ ಕೇಳ್ರಿ, ಇಲ್ಲಿ ಸಿಮೆಂಟ ನೆಲಾ ಅಗಿಯಾಕ ಬರಂಗಿಲ್ಲ" ಎಂದಳು. ಎರಡು ಕಟ್ಟಡಗಳ ನಡುವೆ ಒಂದು ರಸ್ತೆ. ಆ ರಸ್ತೆಯನ್ನು ನಾವು ಎಷ್ಟು ಸಲ ದಾಟಿದೆವೆಂದರೆ, ಅಲ್ಲಿಯ ಬಂಡಿಯ ಚಹಾದವನು ನಮ್ಮನ್ನು ಕಂಡರೆ ಕೇಳದೆಯೇ ಕಪ್ಪು ತೊಳೆಯತೊಡಗುತ್ತಿದ್ದ.

ಅಷ್ಟರಲ್ಲಿ ಮಹಿಳಾ ದಿನ ಬಂತು. ಭವನದ ಸಭೆಯ ಹಾಲಿನ ತುಂಬ ಖುರ್ಚಿ, ವೇದಿಕೆಯ ಮೇಲೆ ನೀವು, ನಿಮ್ಮ ಪಕ್ಕದಲ್ಲಿ ಧಾರವಾಡದಿಂದ ಬಂದ ಒಬ್ಬ ಪ್ರೊಫೆಸರ್ ಮೇಡಮ್ಮು. ನಾನೂ ದಸ್ತಗೀರಬಿಯೂ ತೃಪ್ತಿಯೊಂದಿಗೆ ಹಿಂದಿನ ಸಾಲಿನಲ್ಲಿ ಕೂತೆವು. ಭಾಷಣ ಎಂದರೆ ನನಗೆ ನಿದ್ದೆಯ ಔಷಧ. ಆದರೆ ಆ ಹೆಣ್ಣುಮಗಳು ಒಂದು ಸಂಗತಿ ಹೇಳಿದಳು, ನನ್ನ ನಿದ್ದೆ ಹಾರಿಹೋಯಿತು. ಅಮೆರಿಕದಲ್ಲಿ ಒಂದು ಮೋಟಾರು ಕಾರ್ಖಾನೆ. ಅಲ್ಲಿಯ ಕೆಲವು ಕರಿಯ ಹೆಂಗಸರು ಕೋರ್ಟಿಗೆ ಹೋದರು: ನಮ್ಮಂಥವರನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ತಡವಾಗಿ, ತೆಗೆದುಹಾಕುವಾಗ ಮಾತ್ರ ನಾವೇ ಮೊದಲು ಎಂದು. ಕೋರ್ಟು ಏನೆಂದಿತು? ಕಾರ್ಖಾನೆ ಹೆಂಗಸರನ್ನು ಇಟ್ಟುಕೊಂಡಿದೆ, ನೋಡಿ. ಅವರು ಕಚೇರಿಯ ಖುರ್ಚಿಯ ಮೇಲೆ ಕೂತ ಬಿಳಿಯ ಹೆಂಗಸರು. ಕರಿಯರನ್ನೂ ಇಟ್ಟುಕೊಂಡಿದೆ, ನೋಡಿ. ಅವರು ಯಂತ್ರದ ಮುಂದೆ ನಿಂತ ಕರಿಯ ಗಂಡಸರು. ಹೆಣ್ಣಿಗೆ ಅನ್ಯಾಯವೆಂದಾದರೂ ಹೇಳಿ, ಕರಿಯರಿಗೆ ಅನ್ಯಾಯವೆಂದಾದರೂ ಹೇಳಿ. ಎರಡನ್ನೂ ಕಲಸಿ ಹೊಸದೊಂದು ಅನ್ಯಾಯ ತರಬೇಡಿ ಎಂದಿತಂತೆ. ಆಮೇಲೆ ಒಬ್ಬ ಕರಿಯ ಹೆಂಗಸು, ಕಾಯದೆ ಓದಿಸುವವಳು, ಈ ತೀರ್ಪನ್ನು ಹಿಡಿದುಕೊಂಡು ದೊಡ್ಡ ಲೇಖನ ಬರೆದಳಂತೆ. ನಾಲ್ಕು ರಸ್ತೆ ಕೂಡುವಲ್ಲಿ ನಿಂತವಳಿಗೆ ಎಲ್ಲ ಕಡೆಯಿಂದಲೂ ಗಾಡಿ ಬಡಿಯಬಹುದು. ಯಾವ ರಸ್ತೆಯ ಗಾಡಿ ಬಡಿಯಿತೆಂದು ಒಂದನ್ನೇ ತೋರಿಸು ಎಂದರೆ ಅವಳೇನು ತೋರಿಸಿಯಾಳು? ಅದಕ್ಕೆ ಇಂಟರ್‌ಸೆಕ್ಷನಾಲಿಟಿ ಎಂದು ಹೆಸರಿಟ್ಟಳಂತೆ. ಮೇಡಮ್ಮು ಹಲಗೆಯ ಮೇಲೆ ಸರ್ಕಲ್ಲಿನ ಚಿತ್ರ ಬರೆದಳು. ನೀವು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಿರಿ. ಸುಳ್ಳು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ.

ದಸ್ತಗೀರಬಿ ನನ್ನ ಕಿವಿಯಲ್ಲಿ, "ಸರ್ಕಲ್‌ನ್ಯಾಗ ನಿಂತ್ರ ಒಬ್ಬ ಪೊಲೀಸಪ್ಪರೆ ಬರ್ತಾನ್ರೀ ಯವ್ವಾ. ನಮ್ಮ ಸರ್ಕಲ್ಲಿಗಿ ಅವನೂ ಬಂದಿಲ್ಲ" ಎಂದಳು.

ಈ ವಿಚಾರ ಆ ಲೇಖನದಿಂದ ಹುಟ್ಟಿದ್ದಲ್ಲ ಎಂದೂ ಮೇಡಮ್ಮು ಹೇಳಿದಳು. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಮೊದಲೇ, ಗುಲಾಮಗಿರಿಯಿಂದ ಬಿಡಿಸಿಕೊಂಡ ಒಬ್ಬ ಹೆಂಗಸು ತುಂಬಿದ ಸಭೆಯಲ್ಲಿ, ನೀವು ನಾಜೂಕು ನಾಜೂಕು ಎನ್ನುವ ಹೆಂಗಸರ ಲೆಕ್ಕದಲ್ಲಿ ನಾನಿದ್ದೇನೋ ಇಲ್ಲವೋ ಎಂದು ಕೇಳಿದ್ದಳಂತೆ. ಆಮೇಲೆ ಕರಿಯ ಹೆಂಗಸರ ಗುಂಪುಗಳು, ನಮ್ಮ ಮೇಲಿನ ದಬ್ಬಾಳಿಕೆಗಳು ಒಂದಾದ ಮೇಲೆ ಒಂದು ಬರುವುದಿಲ್ಲ, ಒಂದರೊಳಗೊಂದು ಹೆಣೆದುಕೊಂಡೇ ಬರುತ್ತವೆ ಎಂದು ಬರೆದವಂತೆ. ನಮ್ಮ ದೇಶದಲ್ಲಿಯೂ ಈಚೆಗೆ ದಲಿತ ಹೆಣ್ಣುಮಕ್ಕಳು ತಮ್ಮದೇ ಸಂಘ ಕಟ್ಟಿ, ನಮ್ಮ ಮಾತನ್ನು ನಾವೇ ಆಡುತ್ತೇವೆ ಎಂದಿದ್ದಾರಂತೆ. ಇದನ್ನು ಹೇಳಿದ ಕೂಡಲೇ ಮುಂದಿನ ಸಾಲಿನ ಒಬ್ಬ ಬಾಯಿ ಎದ್ದು, "ಜಾತಿ ತಂದು ನಮ್ಮನ್ನ ಒಡೀಬ್ಯಾಡ್ರಿ, ಇವತ್ತ ಒಂದ ದಿವಸರೆ ನಾವೆಲ್ಲಾ ಬರೇ ಹೆಣ್ಣುಮಕ್ಕಳಾಗಿರೋಣು" ಎಂದಳು. ಅದಕ್ಕೂ ಚಪ್ಪಾಳೆ. ಆಗ ಬಾಗಿಲ ಬಳಿ ಕಸಬರಿಗೆ ಹಿಡಿದು ನಿಂತಿದ್ದ ಸೋಮವ್ವ ಮಾತಾಡಿದಳು. ಹಾಲಿನ ಕಸ ಹೊಡೆಯುವವಳು, ಕಾರ್ಯಕ್ರಮ ಮುಗಿಯಲೆಂದು ಕಾದಿದ್ದವಳು. "ಬಾಯಾರ, ನಮ್ಮ ಮನಿ ಮಾತ ಹೊರಗ ಹಾಕಿದ್ರ ನಮ್ಮ ಗಂಡಸರು ಕೇರಿ ಮರ್ಯಾದಿ ತಗೀಬ್ಯಾಡ ಅಂತಾರ್ರಿ. ಕೇರಿ ಮಾತ ನಿಮ್ಮ ಮುಂದ ಆಡಿದ್ರ ನೀವು ಜಾತಿ ತರಬ್ಯಾಡ ಅಂತೀರಿ. ಹಂಗಾರ ನಾ ಯಾವ ಬಾಯಿಲೆ ಮಾತಾಡ್ಲಿ?" ಎಂದಳು. ನೀವು ಮೈಕು ಎಳೆದುಕೊಂಡು, "ಸಮಯದ ಅಭಾವದಿಂದ ಪ್ರಶ್ನೋತ್ತರ ಇಲ್ಲಿಗೆ ಮುಗಿಸೋಣ" ಎಂದಿರಿ. ಅಭಾವ ಯಾವುದರದ್ದು ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಮುಗಿದ ಮೇಲೆ ವೇದಿಕೆಯ ಮೆಟ್ಟಿಲ ಬಳಿ ನಿಮ್ಮನ್ನು ಹಿಡಿದೆವು. ಕೊರಳಲ್ಲಿ ಗಂಧದ ಹಾರ ಇನ್ನೂ ಇತ್ತು. ನಾನು ದಸ್ತಗೀರಬಿಯನ್ನು ಮುಂದೆ ಮಾಡಿ ವಿಷಯ ಹೇಳಿದೆ. ನೀವು ಶಾಂತವಾಗಿಯೇ ಹೇಳಿದಿರಿ. ಅದಕ್ಕೇ ಅದು ನನ್ನ ತಲೆಯಿಂದ ಹೋಗುತ್ತಿಲ್ಲ. "ನೋಡಿ ಅಮ್ಮಾ, ನೇಕಾರರಿಗೆ ಶೆಡ್ಡು ಕೊಟ್ಟಿದ್ದೇವೆ. ಮಹಿಳೆಯರಿಗೆ ಭವನ ಕೊಟ್ಟಿದ್ದೇವೆ. ನೇಕಾರರಿಗೂ ಅನ್ಯಾಯ ಆಗಿಲ್ಲ, ಮಹಿಳೆಯರಿಗೂ ಅನ್ಯಾಯ ಆಗಿಲ್ಲ. ಈಗ ನಿಮ್ಮದೊಂದು ಯಾವ ಹೊಸ ಅನ್ಯಾಯ?"

ಸಾಹೇಬರೇ, ಆ ಸರ್ಕಲ್ಲಿನ ಚಿತ್ರವನ್ನು ಹಲಗೆಯಿಂದ ಇನ್ನೂ ಒರೆಸಿರಲಿಲ್ಲ. ನಿಮ್ಮ ಬೆನ್ನ ಹಿಂದೆಯೇ ಇತ್ತು. ಸಮುದ್ರದ ಆಚೆಯ ಕೋರ್ಟು ಆಡಿದ ಮಾತನ್ನೇ, ಅದು ತಪ್ಪೆಂದು ಚಪ್ಪಾಳೆ ತಟ್ಟಿದ ಕೈಗಳನ್ನು ಇಳಿಸುವ ಮೊದಲೇ, ನೀವು ಬಾಗಲಕೋಟೆಯಲ್ಲಿ ಆಡಿದಿರಿ. ಇದನ್ನು ಮರೆವು ಎನ್ನಲೋ, ಕಿವುಡು ಎನ್ನಲೋ? ಇಂಥ ಮಾತು ಪುಸ್ತಕದಲ್ಲಿದ್ದರೆ ನಿಮಗೆ ತಿಳಿಯುತ್ತದೆ, ಅಮೆರಿಕದಲ್ಲಿದ್ದರೆ ಕನಿಕರ ಬರುತ್ತದೆ, ಎದುರಿಗೆ ಬಂದು ಕೈಮುಗಿದು ನಿಂತರೆ ಹೊಸ ಅನ್ಯಾಯವಾಗುತ್ತದೆ. ಹಾಗಾದರೆ ಆ ಮೇಡಮ್ಮನ್ನು ಧಾರವಾಡದಿಂದ ಯಾಕೆ ಕರೆಸಿದಿರಿ?

ನಮ್ಮ ನಮ್ಮಲ್ಲಿ ಈ ಬಗ್ಗೆ ಜಗಳವೇ ಇಲ್ಲವೆಂದೇನೂ ಅಲ್ಲ. ಆ ದಿನ ಹಾಲಿನಿಂದ ಸೀದಾ ಭಾಗೀರಥೀಬಾಯಿಯವರ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತೆವು. ತೃಪ್ತಿ ಎಲ್ಲವನ್ನೂ ಅಜ್ಜಿಗೆ ಬಿಡಿಸಿ ಹೇಳಿದಳು. ಎಂಬತ್ತು ದಾಟಿದ ಆ ಮುದುಕಿಗೆ ಸರಿ ಬೀಳಲಿಲ್ಲ.

"ಏನವಾ ರತ್ನವ್ವ, ನನ್ನ ಗಂಡ ಹೋದಾಗ ನನ್ನ ಕಂಕುಳಾಗ ಕೂಸಿತ್ತು. ನಾವಿಗನ್ನ ಕರಸಿ ತಲಿ ಬೋಳಸಿದ್ರು. ಕೆಂಪ ಸೀರಿ ಉಡಸಿ ಅಡಗಿ ಮನ್ಯಾಗ ಕೂಡಿಸಿದ್ರು. ಆವಾಗ ನನಗ ಮ್ಯಾಲಿನ ಜಾತಿ ಅಂತ ಯಾವ ರಿಯಾಯತಿ ಸಿಕ್ತು? ಹೆಣ್ಣಿನ ದುಃಖ ಎಲ್ಲಾ ಒಂದ. ಇವರು ಸುಮ್ಮನ ತುಣುಕ ತುಣುಕ ಮಾಡ್ಲಿಕ್ಕ ಹತ್ಯಾರ."

"ಬಾಯಾರ, ನಮ್ಮ ಅಕ್ಕನ ಗಂಡನೂ ಹರೇದಾಗ ಸತ್ತ" ಎಂದೆ ನಾನು. "ವರ್ಷ ತುಂಬೂದರಾಗ ಉಡಿಕಿ ಮಾಡಿ ಮತ್ತೊಬ್ಬಗ ಕೊಟ್ರು. ಆಕಿ ತಲಿ ಯಾರೂ ಮುಟ್ಟಲಿಲ್ಲ. ನಿಮ್ಮ ಕೂದಲಾ ತಗದದ್ದು ನೀವು ಹೆಂಗಸು ಅಂತ ಅಷ್ಟ ಅಲ್ರಿ, ನಿಮ್ಮ ಜಾತಿ ಹೆಂಗಸು ಅಂತ. ಆ ಎರಡೂ ಕೂಡಿದ್ದಕ್ಕನ ಕತ್ತರಿ ಬಂತು."

ಮುದುಕಿ ತನ್ನ ತಲೆಯ ಮೇಲಿನ ಸೆರಗನ್ನು ಸವರಿಕೊಂಡಳು. ಆಮೇಲೆ, "ಅದ ಕಾಲದಾಗ ನೀ ನಮ್ಮ ಅಡಗಿ ಮನಿ ಹೊಸ್ತಿಲಾ ದಾಟಿದ್ರ ನಾನ ನಿನ್ನ ಬೈತಿದ್ದೆ ಅಲ್ಲೇನ?" ಎಂದಳು. "ಬೈದೀರ್ರಿ, ಭಾಳ ಸಲ" ಎಂದೆ. ದಸ್ತಗೀರಬಿ ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಳು. "ನಾ ಇಬ್ಬರ ಮನ್ಯಾಗೂ ಪಡಸಾಲಿತನಕ ಅಷ್ಟ ನೋಡೇನ್ರಿ" ಎಂದಳು, ಯಾರನ್ನೂ ನೋಡದೆ. ಒಬ್ಬಳೇ ಹೆಂಗಸು ಒಂದು ಹೊಸ್ತಿಲಲ್ಲಿ ಹೊರಗಿನವಳು, ಮುಂದಿನ ಹೊಸ್ತಿಲಲ್ಲಿ ಒಡತಿ. ಇದನ್ನು ಹೇಳಿದರೆ ಹೆಂಗಸರ ಒಗ್ಗಟ್ಟು ಒಡೆಯುತ್ತದೆ ಎನ್ನುವವರಿಗೆ ನಾನು ಕೇಳುವುದು ಇಷ್ಟೇ: ಹೇಳದೆ ಇದ್ದಾಗ ಒಗ್ಗಟ್ಟು ಎಲ್ಲಿತ್ತು? ಮೆಟ್ಟಿಲ ಮೇಲೆ ಕೂತವಳನ್ನು ಕೇಳಿದ್ದಿರೇ?

ಹಾಗಂತ ತೃಪ್ತಿ ಹೇಳುವ ಎಲ್ಲ ವಾದಗಳನ್ನೂ ನಾನು ಒಪ್ಪಿಲ್ಲ. ಕೆಲವರು ಇದನ್ನು ಕೂಡಿಸುವ ಬೇರೀಜು ಲೆಕ್ಕದಂತೆ ಮಾಡುತ್ತಾರಂತೆ. ಹೆಂಗಸು ಒಂದು ಕಷ್ಟ, ಬಡವಿ ಎರಡು, ವಿಧವೆ ಮೂರು, ಮುಸಲ್ಮಾನಳು ನಾಲ್ಕು; ಯಾರದು ಹೆಚ್ಚಾಯಿತೋ ಅವಳು ಗೆದ್ದಳು. ದುಃಖಕ್ಕೆ ಪಂದ್ಯ ಕಟ್ಟುವುದು ನನಗೆ ಸೇರುವುದಿಲ್ಲ. ದಸ್ತಗೀರಬಿ ಬೆಳಿಗ್ಗೆ ಹೆಂಗಸು, ಮಧ್ಯಾಹ್ನ ವಿಧವೆ, ಸಂಜೆ ಬಾಡಿಗೆಯವಳು ಎಂದು ಪಾಳಿಯ ಮೇಲೆ ಬದುಕುವುದಿಲ್ಲ. ನೇಯ್ದ ಸೀರೆಯಲ್ಲಿ ಉದ್ದದ ಎಳೆಯನ್ನು ಜಗ್ಗಿದರೆ ಅಡ್ಡದ ಎಳೆಯೂ ನೆರಿಗೆ ಬೀಳುತ್ತದೆ. ಆ ಸರ್ಕಲ್ಲಿನ ಚಿತ್ರದ ಬಗ್ಗೆಯೂ ನನ್ನದೊಂದು ಆಕ್ಷೇಪಣೆ ಇದೆ: ಸರ್ಕಲ್ಲನ್ನು ಓಡಿ ದಾಟಬಹುದು. ಇವಳು ದಾಟಿ ಎಲ್ಲಿಗೆ ಹೋಗಬೇಕು? ಇನ್ನು ಕೆಲವರು, ಹೀಗೆ ಸೀಳುತ್ತ ಹೋದರೆ ಕೊನೆಗೆ ಒಬ್ಬೊಬ್ಬ ಹೆಂಗಸೂ ಒಂದೊಂದು ಪಕ್ಷವಾಗುತ್ತಾಳೆ ಎನ್ನುತ್ತಾರಂತೆ. ಇದು ತಳ್ಳಿಹಾಕುವ ಮಾತಲ್ಲ. ದಿಲ್ಲಿಯಲ್ಲಿ ಹೆಂಗಸರಿಗೆ ಸೀಟು ಕೊಡುವ ಮಸೂದೆ ಏನಾಯಿತೆಂದು ಪೇಪರಿನಲ್ಲಿ ಓದಿಸಿ ಕೇಳಿದ್ದೇನೆ. ಹಿಂದುಳಿದ ಹೆಂಗಸರಿಗೆ ಒಳಪಾಲು ಕೊಡಿ ಎನ್ನುವುದು ನ್ಯಾಯವೇ. ಆದರೆ ಸ್ವಂತ ಹೆಂಡತಿಗೆ ಪಡಸಾಲೆಗೆ ಬರಲು ಬಿಡದ ಗಂಡಸರು ಆ ನ್ಯಾಯವನ್ನೇ ಬಾಗಿಲಿಗೆ ಅಗುಳಿ ಮಾಡಿ, ಯಾರಿಗೂ ಸಿಗದಂತೆ ಮಾಡಿದರು. ಆಚೆ ಕಡೆಯವರು, ಮೊದಲು ನಮಗೆ ಸಿಗಲಿ, ನಿಮ್ಮದು ಆಮೇಲೆ ಎಂದರು. ಆಮೇಲೆ ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಒಳ್ಳೆಯ ಶಬ್ದವನ್ನು ಯಾರು ಬೇಕಾದರೂ ಕೆಟ್ಟ ಕೆಲಸಕ್ಕೆ ಬಳಸಬಹುದು. ಹಾಗೆಂದು ಶಬ್ದವನ್ನೇ ಬಿಸಾಡಲೇ? ಇದಕ್ಕೆ ಉತ್ತರ ನನಗೆ ಗೊತ್ತಿಲ್ಲ, ತೃಪ್ತಿಗೂ ಗೊತ್ತಿಲ್ಲ. ನನಗೆ ಗೊತ್ತಿರುವುದು, ಒಂದು ಮಗ್ಗ ಇಡುವಷ್ಟು ಜಾಗಕ್ಕೆ ಉತ್ತರ ಬೇಕು ಎಂಬುದು.

ನಿಮ್ಮ ಗುಮಾಸ್ತರು ನನಗೊಂದು ಸುಲಭದ ದಾರಿ ಹೇಳಿಕೊಟ್ಟರು. "ಜಾಗಾ ಮುತ್ತಪ್ಪನ ಹೆಸರಿಲೆ ಇರಲಿ, ಬೇಕಾದ್ರ ಆ ಬಾಯಿ ಕೂತು ನೇಯಲಿ. ಯಾರ ನೋಡ್ತಾರ?" ಎಂದು. ಬಹಳ ಉಪಕಾರ. ಯಾರೂ ನೋಡುವುದಿಲ್ಲ ಎಂಬುದೇ ನಮ್ಮ ಜಗಳವಲ್ಲವೇ? ಇಷ್ಟು ವರ್ಷ ಅವಳು ಗಂಡನ ಹೆಸರಿನಲ್ಲಿ ನೇಯ್ದಳು, ಆಮೇಲೆ ನಮ್ಮ ಮನೆಯ ಹೆಸರಿನಲ್ಲಿ, ಇನ್ನು ಮುಂದೆ ಟಾಯರು ಬಿಚ್ಚುವವನ ಹೆಸರಿನಲ್ಲಿ. ಮುತ್ತಪ್ಪ ಒಳ್ಳೆಯವನೆಂದು ಮೊದಲೇ ಹೇಳಿದ್ದೇನೆ. ಆದರೆ ಒಬ್ಬಳ ಅನ್ನ ಇನ್ನೊಬ್ಬನ ಒಳ್ಳೆಯತನದ ಮೇಲೆ ನಿಲ್ಲಬಾರದು. ನಾಳೆ ನಾನು ಕಣ್ಣು ಮುಚ್ಚುತ್ತೇನೆ. ನಾಡಿದ್ದು ಅವನ ಹೆಂಡತಿ, ಆ ಜಾಗದಲ್ಲಿ ಕಿರಾಣಿ ಅಂಗಡಿ ಇಡೋಣ ಎನ್ನುತ್ತಾಳೆ. ಅವಳದೂ ತಪ್ಪಲ್ಲ. ಅವನೇ ಬಂದು ಕೇಳಿದ: "ಯವ್ವಾ, ನಿನ್ನ ಮಗನ ಪಾಲ ನೀನ ಕಳೀತಿಯೇನ?" ಎಂದು. "ನಿನ್ನ ಪಾಲ ಆಗಿದ್ದರ ಬಡದಾಡಿ ಕೊಡಸ್ತಿದ್ದೆ" ಎಂದೆ. ಎರಡು ದಿನ ಮಾತು ಬಿಟ್ಟಿದ್ದ. ಈಗ ಬಿಟ್ಟಿಲ್ಲ.

ಕೊನೆಯದಾಗಿ, ನಾವು ನಮ್ಮ ಕಡೆಯಿಂದ ಮಾಡಿಕೊಂಡ ಒಂದು ಏರ್ಪಾಡನ್ನು ನಿಮ್ಮ ಗಮನಕ್ಕೆ ತರಬೇಕು. ಈ ಬಾರಿ ಸಾಹೇಬರು ಬಂದರೆ ಏಳಬೇಡ ಎಂದು ನಾನು ದಸ್ತಗೀರಬಿಗೆ ಹೇಳಿದೆ. "ನಾ ಏಳಂಗಿಲ್ರಿ ಯವ್ವಾ, ಕಾಲು ತಾನ ಎದ್ದ ಬಿಡ್ತಾವು" ಎಂದಳು. ಮಾತು ಖರೆಯೇ. ಕಾಲಿಗೆ ಯಾವ ಮೇಡಮ್ಮು ಭಾಷಣ ಮಾಡಿದ್ದಾಳೆ? ಅದಕ್ಕೆ ರೂಢಿ ಮಾಡಿಸಬೇಕೆಂದು ತೀರ್ಮಾನವಾಯಿತು. ಆಟೋ ಹತ್ತಿ ಭಾಗೀರಥೀಬಾಯಿಯವರೇ ನಮ್ಮ ಮನೆಗೆ ಬಂದರು. ತೀರಿಕೊಂಡ ತಮ್ಮನಾದ ಕೃಷ್ಣಾಜಿ ಮಾಸ್ತರರ ಕರಿ ಟೊಪ್ಪಿಗೆಯನ್ನು ಸೆರಗಿನ ಮೇಲೆಯೇ ಇಟ್ಟುಕೊಂಡು, ಕೋಲೂರುತ್ತ ಹೊಸ್ತಿಲಲ್ಲಿ ನಿಂತು, ದನಿ ದಪ್ಪ ಮಾಡಿ, "ಈ ಮಗ್ಗ ಯಾರದಮ್ಮಾ?" ಎಂದರು. ಥೇಟು ನೀವೇ. ದಸ್ತಗೀರಬಿ ದಡಕ್ಕನೆ ಎದ್ದು ನಿಂತು ಸೆರಗು ಹೊದ್ದಳು. ಆಮೇಲೆ ಎಲ್ಲರೂ ನಕ್ಕೆವು. ಮತ್ತೆ ಕೂಡಿಸಿದೆವು, ಮುದುಕಿ ಮತ್ತೆ ಹೊರಗೆ ಹೋಗಿ ಒಳಗೆ ಬಂದಳು. ಮತ್ತೆ ಎದ್ದಳು. "ಏ ಹುಚ್ಚಿ, ನಾ ಖರೆ ಸಾಹೇಬ ಅಲ್ಲವಾ, ಬೋಳಿ ಮುದುಕಿ ಇದ್ದೇನಿ!" ಎಂದು ಮುದುಕಿ ಬೈದಳು. "ಟೊಪ್ಪಿಗಿ ಐತಲ್ರೀ ಬಾಯಾರ" ಎಂದಳು ಇವಳು. ಟೊಪ್ಪಿಗೆ ಯಾರ ತಲೆಯ ಮೇಲಿದ್ದರೂ ನಮ್ಮ ಕಾಲುಗಳಿಗೆ ಅದು ಟೊಪ್ಪಿಗೆಯೇ. ಇಷ್ಟು ವಯಸ್ಸಾದ ಮೇಲೆ, ಕೂತಲ್ಲಿ ಕೂತಿರುವುದನ್ನು ಕಲಿಯಬೇಕಾಗಿ ಬಂತಲ್ಲ.

ಕೊನೆಗೆ ಒಂದು ಸಲ ಮುದುಕಿ ಬಂದು ನಿಂತಾಗ ದಸ್ತಗೀರಬಿ ಏಳಲಿಲ್ಲ. ಮುಖವೆಲ್ಲ ಬೆವೆತಿತ್ತು. ತಲೆ ಬಗ್ಗಿಸಿ ಲಾಳಿ ಒಗೆದಳು, ಮಗ್ಗದ ಹಲಗೆ ಬಡಿದಳು, ಮತ್ತೆ ಒಗೆದಳು. "ಈ ಮಗ್ಗ ಯಾರದಮ್ಮಾ?" ಎಂದು ಮುದುಕಿ ಕೇಳಿದ್ದಕ್ಕೆ, ತಲೆ ಎತ್ತದೆ, "ಮಗ್ಗ ರತ್ನವ್ವನದ್ರಿ. ನೇಯಾಕಿ ನಾನ್ರಿ" ಎಂದಳು. ಭಾಗೀರಥೀಬಾಯಿ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು, ಕುಣಿಯ ಪಕ್ಕದಲ್ಲಿ ನೆಲಕ್ಕೆ ಕೂತುಬಿಟ್ಟಳು. ಅಷ್ಟು ಕೆಳಗೆ ಕೂತ ಮೇಲೆಯೇ ಇಬ್ಬರ ಮುಖ ಎದುರುಬದುರಾದದ್ದು.

ಆದ್ದರಿಂದ ನಮ್ಮ ಬೇಡಿಕೆ. ಮುತ್ತಪ್ಪನ ಹೆಸರು ಹೊಡೆದುಹಾಕಿ. ನೀರು ಬರುವ ಮೊದಲು ಇನ್ನೊಮ್ಮೆ ನಮ್ಮ ಓಣಿಗೆ ಬನ್ನಿ. ಜೀಪನ್ನು ದೂರ ನಿಲ್ಲಿಸಿ, ನಡೆದು ಬನ್ನಿ. ಮನೆ ಮನೆಯಲ್ಲಿ ಯಾರ ಕಾಲು ಕುಣಿಯೊಳಗಿದೆ ನೋಡಿ, ಅವರ ಹೆಸರಿಗೆ ಶೆಡ್ಡಿನಲ್ಲಿ ಜಾಗ ಬರೆಯಿರಿ. ಅವರು ಹೆಂಗಸೋ, ಸಾಬರವರೋ, ಬಾಡಿಗೆಯವರೋ, ಗಂಡನಿದ್ದವರೋ ಇಲ್ಲದವರೋ, ಇವೆಲ್ಲವೂ ಒಟ್ಟಿಗೆ ಆಗಿರುವವರೋ ಎಂಬುದನ್ನೂ ಬರೆದುಕೊಳ್ಳಿ, ಬಿಡಬೇಡಿ. ಆದರೆ ಒಂದನ್ನು ತೋರಿಸಿ ಇನ್ನೊಂದು ಕಟ್ಟಡಕ್ಕೆ ಕಳಿಸಬೇಡಿ. ನೀವು ಬಂದಾಗ ದಸ್ತಗೀರಬಿ ಏಳುವುದಿಲ್ಲ. ಅದನ್ನು ಅಗೌರವ ಎಂದು ತಿಳಿಯಬಾರದೆಂದು ಮೊದಲೇ ವಿನಂತಿಸುತ್ತೇನೆ. ಅವಳ ಹೆಸರು ಕೇಳಬೇಕೆಂದರೆ ನೀವು ಕೆಳಗೆ ಕೂರಬೇಕಾಗುತ್ತದೆ. ಕುಣಿಯ ಪಕ್ಕದಲ್ಲಿ ಚಾಪೆ ಹಾಸಿರುತ್ತೇವೆ.

ಇಂತಿ ಎಂದು ಹೇಳಿ ಮುಗಿಸುವಷ್ಟು ಇದು ಮುಗಿದಿಲ್ಲ, ಆದರೂ ತೃಪ್ತಿಯ ಕೈ ನೋಯುತ್ತಿದೆಯಂತೆ, ಆದ್ದರಿಂದ ಇಂತಿ,

ನಿಮ್ಮ ಲೆಕ್ಕದಲ್ಲಿ ನೇಕಾರನ ತಾಯಿ,
ನನ್ನ ಲೆಕ್ಕದಲ್ಲಿ ಟಾಯರು ಬಿಚ್ಚುವವನ ತಾಯಿ,
ರತ್ನವ್ವ
ಹಳೆ ಬಾಗಲಕೋಟೆ, ನೀರು ಬರುವ ಓಣಿ